ಎಡರೆಕ್ಕೆಯ ವಾಲ್ವ್ ಪಾಸಾದ ದಿನ

ನಾನು ಒಂದು ಫ್ಲೋಟ್ ವಾಲ್ವ್. ನಿಮ್ಮ ಮನೆಯ ತಾರಸಿಯ ಟ್ಯಾಂಕಿನಲ್ಲಿ, ನೀರು ತುಂಬಿದ ಕೂಡಲೇ ಮೇಲೆದ್ದು ನಲ್ಲಿ ಮುಚ್ಚುವ ಚೆಂಡೊಂದು ಇರುತ್ತದಲ್ಲ, ಅದರ ದೂರದ ದಾಯಾದಿ. ಅದು ಕೆಟ್ಟರೆ ತಾರಸಿ ಒದ್ದೆಯಾಗುತ್ತದೆ, ಅಷ್ಟೇ. ನಾನು ಕೆಟ್ಟದ್ದಕ್ಕೆ ಒಬ್ಬ ಮನುಷ್ಯನ ಮಾನ ಹೋಯಿತು. ಅದನ್ನು ಹೇಳಿಕೊಳ್ಳುವುದಕ್ಕೇ ನನಗೆ ನಾಚಿಕೆ, ಆದರೂ ಹೇಳುತ್ತೇನೆ.

ನಾನು ಹುಟ್ಟಿದ್ದು ದೂರದೇಶದ ಒಂದು ಕಾರ್ಖಾನೆಯಲ್ಲಿ. ಕನ್ನಡಕ ಹಾಕಿದ ಹೆಂಗಸೊಬ್ಬಳು ನನ್ನನ್ನು ಜೋಡಿಸಿ, ಸೀಮೆಎಣ್ಣೆಯ ತೊಟ್ಟಿಯಲ್ಲಿ ನೂರು ಸಲ ಮುಳುಗಿಸಿದಳು. ನೂರು ಸಲವೂ ಎದ್ದೆ. ಅವಳು ಮುದ್ರೆ ಒತ್ತಿದಾಗ ನನಗೆ ಬಂದ ಜಂಬ ಇಷ್ಟಿಷ್ಟಲ್ಲ. ಆಮೇಲೆ ಐವತ್ತು ಸೀಟಿನ ಒಂದು ಚಿಕ್ಕ ಜೆಟ್ ವಿಮಾನದ ಎಡರೆಕ್ಕೆಯೊಳಗೆ ನನ್ನನ್ನು ಕೂರಿಸಿದರು.

ರೆಕ್ಕೆಯೇ ವಿಮಾನದ ಟ್ಯಾಂಕು. ಇಂಧನ ಖಾಲಿಯಾದ ಹಾಗೆ ಅದಕ್ಕೆ ಉಸಿರು ಬೇಕು, ಅದಕ್ಕಾಗಿ ರೆಕ್ಕೆಯ ಅಡಿಗೆ ತೆರೆದುಕೊಳ್ಳುವ ಒಂದು ಕೊಳವೆ. ಟ್ಯಾಂಕು ತುಂಬಿರುವಾಗ ವಿಮಾನ ತಿರುಗಿದರೆ ಇಂಧನ ಆ ಕೊಳವೆಯತ್ತ ನುಗ್ಗುತ್ತದೆ. ಆಗ ನಾನು ಎದ್ದು ಅದರ ಬಾಯಿ ಮುಚ್ಚಬೇಕು. ನನ್ನ ಕೆಲಸ ಇಷ್ಟೇ.

ಹಿಮದ ದೇಶದಲ್ಲಿ ಒಂಬತ್ತು ವರ್ಷ ದುಡಿದೆ. ಅಲ್ಲಿಂದ ಒಂದು ದ್ವೀಪದವರು ಕೊಂಡರು, ಅವರಿಂದ ಉತ್ತರ ಕರ್ನಾಟಕದ ಒಂದು ಸಣ್ಣ ಕಂಪನಿ. ವಿಮಾನಕ್ಕೆ ಮೂರು ಸಲ ಹೊಸ ಬಣ್ಣ ಬಂತು, ಒಳಗಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ನನ್ನ ಕೀಲು ಸವೆದು, ಏಳಬೇಕಾದಾಗ ಕಚ್ಚಿಕೊಂಡು ಕೂರುವ ಚಾಳಿ ಹತ್ತಿತ್ತು.

ಅಲ್ಲಿ ಇಂಧನ ತುಂಬುತ್ತಿದ್ದವರು ಖಾಜಾಸಾಬ ನದಾಫ. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಕೊಳವೆಯ ಬಾಯಿಯಿಂದ ನನಗೆ ಕಾಣುತ್ತಿದ್ದದ್ದು ಅವರ ಬಿಳಿ ಟೋಪಿ ಮತ್ತು ಪಾಲಿಶ್ ಮಾಡಿದ ಬೂಟು. ಪೈಪು ಜೋಡಿಸುವ ಮುಂಚೆ ಅವರು ರೆಕ್ಕೆಯ ಅಡಿಗೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ 'ಬಿಸ್ಮಿಲ್ಲಾ' ಅನ್ನುತ್ತಿದ್ದರು. ಯಾರದೋ ಮನೆಯ ಬಾಗಿಲು ತಟ್ಟಿ ಒಳಗೆ ಬಂದವರ ಹಾಗೆ. ಅದು ಅವರ ಪಾಲಿಗೆ ಬರೀ ರೂಢಿ. ಆದರೆ ಹಾಗೆ ತಟ್ಟಿದಾಗ ನನ್ನ ಕೀಲು ಸಡಿಲವಾಗುತ್ತಿತ್ತು, ನಾನು ಏಳುತ್ತಿದ್ದೆ.

ನನ್ನ ಕೀಲಿನ ಈ ರೋಗ ಗೊತ್ತಿದ್ದವರು ಒಬ್ಬರೇ, ಎಂಜಿನಿಯರ್ ವಾದಿರಾಜ ಗಲಗಲಿ. ಕೊಳವೆಯಿಂದ ಹನಿ ಬಿದ್ದಾಗ ಬಟ್ಟೆಯಿಂದ ಒರೆಸಿ, ರಬ್ಬರ್ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು, "ಮುಂದಿನ ವಾರ ಬದಲ್ ಮಾಡೂಣು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ದೋಷಗಳ ಪುಸ್ತಕದಲ್ಲಿ ಬರೆದರೆ ರಿಪೇರಿಯಾಗುವವರೆಗೆ ವಿಮಾನ ನಿಲ್ಲಿಸಬೇಕು. ಆ ಮುಂದಿನ ವಾರ ಆರು ತಿಂಗಳಾದರೂ ಬರಲಿಲ್ಲ.

ಒಂದು ಬೆಳಿಗ್ಗೆ ವಿಮಾನ ಒಂದು ತಾಸು ತಡವಾಗಿತ್ತು. ಟ್ಯಾಂಕನ್ನು ಮೇಲಿನ ಗುರುತಿನವರೆಗೆ ತುಂಬಲು ಕ್ಯಾಪ್ಟನ್ ಹೇಳಿದ್ದರು.

"ಖಾಜಾಸಾಬ್ರ, ಲಗೂ ಮಾಡ್ರಿ, ಮಂದಿ ಒಳಗ ಕುಂತಾರ" ಎಂದರು ಗಲಗಲಿ.

ಅವಸರದಲ್ಲಿ ಖಾಜಾಸಾಬರು ತಟ್ಟುವುದನ್ನು ಮರೆತು ಪೈಪು ಜೋಡಿಸಿದರು. ವಿಮಾನ ರನ್‌ವೇಯತ್ತ ಹೊರಟು ತಿರುಗಿದಾಗ ನಾನು ಮಿಸುಕಲಿಲ್ಲ. ಇಂಧನ ನನ್ನ ಪಕ್ಕದಲ್ಲೇ ನುಗ್ಗಿ ಕೊಳವೆಯಿಂದ ಧೋ ಎಂದು ನೆಲಕ್ಕೆ ಸುರಿಯಿತು. ಕಿಟಕಿಯಿಂದ ನೋಡಿದವರು ಕಿರುಚಿದರು. ಅಗ್ನಿಶಾಮಕದ ಗಾಡಿ ಬಂತು, ಎಲ್ಲರನ್ನೂ ಇಳಿಸಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಆದರೆ ನಾನು ಭೂಮಿಯ ಮೇಲಾದರೂ ಎಲ್ಲಿದ್ದೆ?

ದೂರು ಖಾಜಾಸಾಬರ ತಲೆಗೆ ಬಂತು. ಟ್ಯಾಂಕಿನಲ್ಲಿ ಮೊದಲೇ ಎಷ್ಟಿತ್ತೆಂದು ನೋಡದೆ ಗುರುತು ಮೀರಿ ಹೆಚ್ಚು ತುಂಬಿದ್ದಾರೆ ಎಂದರು ಕಂಪನಿಯವರು. "ಇಲ್ರಿ, ಹೇಳಿದಷ್ಟ ಹಾಕೀನಿ" ಎಂದರು ಅವರು. ಹಾಗಿದ್ದರೆ ಪರೀಕ್ಷೆ ಮಾಡೋಣ, ಅವತ್ತು ಹೇಳಿದ್ದಷ್ಟನ್ನೇ ನೀವೇ ತುಂಬಿ, ವಿಮಾನವನ್ನು ಹಾಗೇ ತಿರುಗಿಸುತ್ತೇವೆ, ಚೆಲ್ಲಿದರೆ ತಪ್ಪು ವಿಮಾನದ್ದು, ಚೆಲ್ಲದಿದ್ದರೆ ನಿಮ್ಮದು ಎಂದರು ತನಿಖೆಗೆ ಬಂದ ಮೂವರು.

ಅಂದು ಮಧ್ಯಾಹ್ನ ರೆಕ್ಕೆಯ ಕೆಳಗೆ ಐದು ಜೊತೆ ಬೂಟುಗಳು. ತನಿಖೆಯ ಮೂವರದು, ಗಲಗಲಿಯವರದು, ಖಾಜಾಸಾಬರದು. ಚೆಲ್ಲಬೇಕು, ಇವತ್ತೊಂದು ದಿನ ನನ್ನ ಮಾನ ಹೋದರೂ ಚೆಲ್ಲಬೇಕು ಎಂದುಕೊಂಡು ಕಚ್ಚಿಕೊಂಡು ಕೂತಿದ್ದೆ. ಅಷ್ಟರಲ್ಲಿ ಖಾಜಾಸಾಬರು, ಹೆದರಿದ ಮನುಷ್ಯ ದೇವರನ್ನು ನೆನೆಯುವ ಹಾಗೆ 'ಬಿಸ್ಮಿಲ್ಲಾ' ಎಂದು ಮೂರು ಸಲ ತಟ್ಟಿಬಿಟ್ಟರು.

ಕೀಲು ಸಡಿಲವಾಯಿತು.

ಗಲಗಲಿಯವರ ಬೂಟು ಒಂದು ಹೆಜ್ಜೆ ಮುಂದೆ ಬಂತು. ಅವರಿಗೆ ಅರ್ಥವಾಗಿತ್ತು. ಈಗ ಹೇಳುತ್ತಾರೆ ಎಂದು ಕಾದೆ. ಆ ಬೂಟು ಮತ್ತೆ ಹಿಂದೆ ಸರಿಯಿತು. ಟ್ಯಾಂಕು ತುಂಬಿತು, ವಿಮಾನ ತಿರುಗಿತು, ನಾನು ಕಾರ್ಖಾನೆಯ ದಿನದಂತೆ ಎದ್ದು ಬಾಯಿ ಮುಚ್ಚಿದೆ. ಒಂದು ಹನಿಯೂ ಬೀಳಲಿಲ್ಲ.

"ವಾಲ್ವ್ ಸರಿಯಾಗಿದೆ" ಎಂದು ಒಬ್ಬರು ಬರೆದುಕೊಂಡರು. ಕೆಲಸ ಕಳೆದುಕೊಂಡ ಖಾಜಾಸಾಬರು ಕೊರಳಿನಲ್ಲಿದ್ದ ನಿಲ್ದಾಣದ ಪಾಸು ತೆಗೆದು ಕೊಟ್ಟರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಕೆಲಸ ಮಾಡಿದ್ದು ಅದೇ ಕೊನೆ, ಅದಕ್ಕೇ ನನಗೆ ಹೇಸಿಗೆ.

ಗಲಗಲಿಯವರ ಸುತ್ತಿಗೆಯ ಪೆಟ್ಟಿನಲ್ಲೇ ಎರಡು ವರ್ಷ ಕಳೆದ ಮೇಲೆ ವಿಮಾನ ಗುಜರಿಗೆ ಹೋಯಿತು. ನನ್ನನ್ನು ಬಿಚ್ಚಿದವರು ಕೀಲು ಸವೆದದ್ದು ನೋಡಿ, 'ಬಹಳ ಹಳೆಯ ದೋಷ' ಎಂದು ಚೀಟಿ ಬರೆದು ಕಟ್ಟಿದರು. ಗಲಗಲಿಯವರು ಚೀಟಿಯ ಸಮೇತ ನನ್ನನ್ನು ಕರವಸ್ತ್ರದಲ್ಲಿ ಸುತ್ತಿ, ಊರಾಚೆಯ ಪೆಟ್ರೋಲ್ ಬಂಕಿಗೆ ಕಾರು ಓಡಿಸಿದರು.

ಅಲ್ಲಿ ಸ್ಕೂಟರುಗಳಿಗೆ ಪೆಟ್ರೋಲ್ ಹಾಕುತ್ತಿದ್ದವರು ಖಾಜಾಸಾಬರು. ಪ್ರತಿಯೊಬ್ಬರಿಗೂ "ಝೀರೋ ನೋಡ್ಕೋರಿ" ಎಂದು ಎರಡೆರಡು ಸಲ ಹೇಳುತ್ತಿದ್ದರು. ಗಲಗಲಿ ಕರವಸ್ತ್ರ ಬಿಚ್ಚಿದರು.

"ತಪ್ಪು ಇದರದ, ಖಾಜಾಸಾಬ್ರ. ನನಗ ಮೊದಲ ಗೊತ್ತಿತ್ತು. ಅವತ್ತ ಬಾಯಿ ಬಿಡಲಿಲ್ಲ ನಾ."

ಖಾಜಾಸಾಬರು ನನ್ನನ್ನು ಕೈಗೆ ತೆಗೆದುಕೊಂಡು ಚೀಟಿ ಓದಿದರು. ನನ್ನನ್ನು ಮತ್ತೆ ಅದೇ ಕರವಸ್ತ್ರದ ಮೇಲಿಟ್ಟರು.

"ನಾ ಹೆಚ್ಚಿಗಿ ಹಾಕಿಲ್ಲ ಅನ್ನೂದು ನನಗ ಗೊತ್ತೈತ್ರಿ ಸಾಹೇಬ್ರ. ನನಗ್ಯಾಕ ತೋರಸ್ತೀರಿ? ಗೊತ್ತಿಲ್ಲದವ್ರಿಗೆ ಹೋಗಿ ತೋರಸ್ರಿ."

ಅಂದಿನಿಂದ ನಾನು ಗಲಗಲಿಯವರ ಕಾರಿನ ಮುಂದಿನ ಡಬ್ಬಿಯಲ್ಲಿ, ವಿಮೆಯ ಕಾಗದಗಳ ಕೆಳಗೆ ಇದ್ದೇನೆ. ಚೀಟಿ ಇನ್ನೂ ಕಟ್ಟಿದ ಹಾಗೇ ಇದೆ. ದಿನವೂ ಬೆಳಿಗ್ಗೆ, ಅಂದು ತನಿಖೆಗೆ ಬಂದವರ ಕಚೇರಿಯ ಗೇಟಿನ ಹತ್ತಿರ ಕಾರು ನಿಧಾನವಾಗುತ್ತದೆ. ಇವತ್ತು ಡಬ್ಬಿ ತೆಗೆಯುತ್ತಾರೆ ಎಂದು ಕತ್ತಲಲ್ಲಿ ಕಾಯುತ್ತೇನೆ. ಆಮೇಲೆ ಗೇರು ಬದಲಾದ ಸದ್ದು ಕೇಳುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ.