ಮಳೆಯಲ್ಲಿ ಮಂಜಾಗುವ ಕಣ್ಣು

"ಈ ತುದೀನ ಗಟ್ಟಿಯಾಗಿ ಹಿಡ್ಕೊಳ್ರೀ, ಟೇಪು ಜಾರ್ತಿದೆ!" ಎಂದು ಹೆಂಡತಿ ಗದರಿದಳು. ಹಾರ್ನ್ ತಾತ ಬಗ್ಗಿ, ಕಾರಿನ ಗಾಜಿನ ಮೇಲಿದ್ದ ವೈಪರ್ ಬ್ಲೇಡಿನ ತುದಿಗೆ ಅಳತೆ ಟೇಪನ್ನು ಒತ್ತಿ ಹಿಡಿದ.

"ಕಾರಿನ ಹೆಸರು ಹೇಳಿದ್ರೆ ಅಂಗಡಿಯವನೇ ಸರಿಯಾದ ಬ್ಲೇಡು ಕೊಡ್ತಾನೆ ಕಣೇ."

"ಹೆಸರು ಕೇಳಿ ಅಂಗಿ ಹೊಲಿಯೋಕಾಗುತ್ತಾ?" ಅವಳು ದರ್ಜಿ. ಅಳೆಯದೆ ಯಾವುದನ್ನೂ ನಂಬುವವಳಲ್ಲ.

ಅಕ್ಕಪಕ್ಕದ ಬೀದಿಗಳ ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಟ್ಟು ಬರುವುದು ತಾತನ ಕೆಲಸ. ಹಾರ್ನ್ ಒತ್ತದೆ ಬಾಯಲ್ಲೇ "ಪೋಂ ಪೋಂ" ಎಂದು ಕೂಗಿ ಮಕ್ಕಳನ್ನು ಹೊರಡಿಸುತ್ತಿದ್ದುದರಿಂದ ಆ ಹೆಸರು. ಈ ಮಳೆಗಾಲದಲ್ಲಿ ಮಾತ್ರ ಎದುರಿನ ರಸ್ತೆ ಮಸುಕಾಗತೊಡಗಿತ್ತು. ಕಣ್ಣು ಕೈಕೊಟ್ಟಿತು ಎಂದು ಅವನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದ. ಕಂಡವರ ಮಕ್ಕಳು, ಹುಡುಗಾಟವೇ? ಸೋಮವಾರದಿಂದ ನೀನೇ ಓಡಿಸು ಎಂದು ಅಣ್ಣನ ಮಗನಿಗೆ ಹೇಳಿಯೂ ಆಗಿತ್ತು. ಹೆಂಡತಿಗೆ ಹೇಳಿರಲಿಲ್ಲ. ಹೇಳಲು ಹೋದರೆ ಅಳು ಬಂದೀತೆಂಬ ಭಯ, ಅವಳಿಗಲ್ಲ, ತನಗೇ. ಹರಿದ ಬ್ಲೇಡಿನ ಕಾರನ್ನು ಹುಡುಗನಿಗೆ ಒಪ್ಪಿಸಬಾರದೆಂದು ಇವತ್ತು ಹೊಸದು ಕೊಳ್ಳಲು ಹೊರಟಿದ್ದ.

ಅಂಗಡಿಯಲ್ಲಿ ಹೆಂಡತಿಯೇ ಮಾತಿಗೆ ನಿಂತಳು. "ಸ್ಟೀರಿಂಗ್ ಕಡೆಗೆ ಗಿಡ್ಡದು. ಪಕ್ಕದ ಸೀಟಿನ ಕಡೆಗೆ ನಾಲ್ಕು ಇಂಚು ಉದ್ದ."

"ಉಲ್ಟಾ ಹೇಳ್ತಿದ್ದೀರಮ್ಮ. ಈ ಕಾರಿಗೆ ಸ್ಟೀರಿಂಗ್ ಕಡೇದೇ ಉದ್ದ."

"ನನ್ನ ಟೇಪು ಸುಳ್ಳು ಹೇಳಲ್ಲಪ್ಪ."

ಅಂಗಡಿಯವನು ಹೊರಗೆ ಬಂದು ನೋಡಿ ನಕ್ಕ. "ಟೇಪು ಸರಿಯಾಗೇ ಇದೆ. ಯಾರೋ ಬ್ಲೇಡುಗಳನ್ನ ಅದಲು ಬದಲು ಹಾಕಿದ್ದಾರೆ. ಓಡಿಸೋರ ಕಣ್ಣೆದುರಿಗೆ ಇದು ಮೇಲ್ಗಡೆ ಒರೆಸೋದೇ ಇಲ್ಲ."

ಯಾರೋ ಅಂತೆ! ಮಳೆಗಾಲಕ್ಕೆ ಮುಂಚೆ ಎರಡನ್ನೂ ಬಿಚ್ಚಿ, ಸೋಪು ಹಾಕಿ ತೊಳೆದು, ಮತ್ತೆ ಸಿಕ್ಕಿಸಿದ ಮಹಾನುಭಾವ ತಾತನೇ. ಅವನು ಬಾನೆಟ್ಟಿಗೆ ಒರಗಿ ನಿಂತ.

"ಹಾಗಾದ್ರೆ ನನ್ನ ಕಣ್ಣು?" ಎಂದು ಬಾಯಿಂದ ಬಂದೇಬಿಟ್ಟಿತು.

"ನಿಮ್ಮ ಕಣ್ಣಿಗೇನಾಗಿದೆ?"

ಇನ್ನು ಹೇಳದೆ ವಿಧಿಯಿರಲಿಲ್ಲ. ಅಣ್ಣನ ಮಗನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಮಳೆ ಬಂದಾಗ ಮಾತ್ರ ಮಂಜಾಗೋ ಕಣ್ಣು ಯಾವುದ್ರೀ? ಬೆಳಿಗ್ಗೆ ಬೀದಿ ಕೊನೇಲಿ ನಿಮ್ಮಕ್ಕ ಬರೋದನ್ನ ಕಂಡು ಒಳಗೋಡಿ ಬಚ್ಚಿಟ್ಕೊಂಡೋರು ಯಾರು?" ಎಂದವಳ ದನಿ ಅಲ್ಲಿಗೆ ಸಣ್ಣದಾಯಿತು. "ಇಷ್ಟು ದಿನ ಒಬ್ಬರೇ ಕೊರಗಿದ್ರಾ? ನನಗೊಂದು ಮಾತು ಹೇಳ್ಬಾರದಾಗಿತ್ತಾ?"

ತಾತನಿಗೆ ಮನಸ್ಸು ಹಗುರಾಗಿ, ಮಕ್ಕಳಂತೆ ನಗು ಬರುತ್ತಿತ್ತು.

"ನಗಬೇಡಿ. ನಾಳೆ ಕಣ್ಣಿನ ಡಾಕ್ಟರ ಹತ್ರಾನೂ ಹೋಗೋಣ. ಅಳತೆ ಅಂದ್ಮೇಲೆ ಅಳತೆ."

ಅಂಗಡಿಯವನು ಹೊಸ ಬ್ಲೇಡುಗಳನ್ನು ಅವುಗಳ ಜಾಗಕ್ಕೆ ಸಿಕ್ಕಿಸಿದ. ತಾತ ಅಣ್ಣನ ಮಗನಿಗೆ ಫೋನು ಮಾಡಿ, "ಸೋಮವಾರ ಆರಾಮಾಗಿ ಮಲಗಪ್ಪ," ಎಂದ.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಬ್ಲೇಡು ಒಮ್ಮೆ ಬೀಸಿದ್ದೇ ತಡ, ರಸ್ತೆ, ಮರ, ತಿರುವಿನ ಕಂಬ ಎಲ್ಲ ತೊಳೆದಿಟ್ಟ ಹಾಗೆ ಕಂಡವು. ಪಕ್ಕದಲ್ಲಿ ಹೆಂಡತಿ ಕತ್ತು ಎತ್ತಿ ಇಣುಕಿದಳು.

"ರೀ, ನನ್ನ ಕಡೆ ಮೇಲ್ಗಡೆ ಒರೆಸ್ತಾನೇ ಇಲ್ವಲ್ಲ. ನನಗೇನೂ ಕಾಣಿಸ್ತಿಲ್ಲ."

"ನಿನಗ್ಯಾಕೆ ಕಾಣ್ಬೇಕು? ನಾನು ನೋಡ್ತಿದ್ದೀನಲ್ಲ."

ಅವಳು ಸೀಟಿಗೆ ಒರಗಿ, ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಎದುರಿನ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ತಾತ ಬಾಯಲ್ಲೇ "ಪೋಂ ಪೋಂ" ಎಂದ.