ಮರ್ಯಾದಸ್ಥ ಕಾಯಿಲೆ

ಮಗಳು ತೇಜಶ್ರೀ ಊರಿನ ಸರ್ಕಾರಿ ಆಸ್ಪತ್ರೆಗೇ ಡಾಕ್ಟರಾಗಿ ಬಂದ ಮೇಲೆ ದೊಡ್ಡಪಾಲಯ್ಯ ಬಸ್‌ಸ್ಟ್ಯಾಂಡು ಬಿಟ್ಟು ಕದಲುತ್ತಿರಲಿಲ್ಲ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಬಳ್ಳಾರಿ ಬಸ್ಸು ಹತ್ತುವವರನ್ನು ತಡೆಯುವುದೇ ಅವನಿಗೆ ಕೆಲಸವಾಗಿತ್ತು. ಯಾರ ಕೈಯಲ್ಲಾದರೂ ಎಕ್ಸ್‌ರೇ ಕವರು ಕಂಡರೆ ಮುಗಿಯಿತು.

“ಬಳ್ಳಾರಿಯಾಗೆ ಏನೈತೆ? ನಮ್ಮ ತೇಜಮ್ಮನೂ ಅಲ್ಲೇ ಓದಿ ಬಂದೋಳು. ಇಳೀರಿ ಕೆಳಗೆ!”

ಕೆಲವರು ನಿಜಕ್ಕೂ ಇಳಿಯುತ್ತಿದ್ದರು. ಹಿಂದಿನ ಡಾಕ್ಟರುಗಳೆಲ್ಲ ಬಂದ ದಿನದಿಂದಲೇ ಹೋಗುವ ದಾರಿ ನೋಡಿದವರು. ತೇಜಶ್ರೀ ಕಡ್ಡಾಯ ಸೇವೆಯ ವರ್ಷ ಮುಗಿಸಿಯೂ ಹೋಗಿರಲಿಲ್ಲ. ಊರಿನ ಮಗಳು ಎಲ್ಲಿಗೆ ಹೋಗುತ್ತಾಳೆ ಎಂದು ಊರು ನಿಶ್ಚಿಂತೆಯಿಂದಿತ್ತು.

ಆದರೆ ಊರಿನ ಮಗಳೆಂಬುದೇ ಗಂಡಸರಿಗೆ ತೊಡಕು. ಒಬ್ಬನಿಗೆ ಅವಳು ತಂಗಿಯ ಮಗಳು, ಇನ್ನೊಬ್ಬನಿಗೆ ಅಣ್ಣನ ಮೊಮ್ಮಗಳು. ಜ್ವರ, ಕೆಮ್ಮು, ಬಿಪಿ ತೋರಿಸುತ್ತಿದ್ದರು. ಪಂಚೆಯೊಳಗಿನ ಕಷ್ಟ ಮಾತ್ರ ಹೇಳುತ್ತಿರಲಿಲ್ಲ. ದೊಡ್ಡಪಾಲಯ್ಯನಿಗೆ ಮೂಲವ್ಯಾಧಿ ಶುರುವಾಗಿ ರಕ್ತ ಬೀಳತೊಡಗಿದ್ದನ್ನು ಬಟ್ಟೆ ಒಗೆಯುವಾಗ ಹೆಂಡತಿ ಸೂರಮ್ಮನೇ ಕಂಡಳು. ಮಗಳಿಗೆ ಹೇಳಕೂಡದೆಂದು ಅವಳಿಂದ ಆಣೆ ಮಾಡಿಸಿಕೊಂಡು, ಅವನೇ ಗುಟ್ಟಾಗಿ ಬಳ್ಳಾರಿ ಬಸ್ಸು ಹತ್ತಿದ.

ಖಾಸಗಿ ಆಸ್ಪತ್ರೆಯೊಂದರಿಂದ ಔಷಧಿಯ ಚೀಲ ಹಿಡಿದು ಹೊರಬಂದರೆ ಎದುರಿಗೇ ಯತ್ತಪ್ಪ. ಅದೇ ಊರಿನಲ್ಲಿ ರೇಷ್ಮೆ ಸೀರೆ ನೇಯುವವನು. ಮಗ್ಗದ ಲಾಳಿಗಿಂತ ಅವನ ನಾಲಿಗೆ ಚುರುಕು.

“ಏನಣ್ಣಾ, ನೀನಿಲ್ಲಿ?”

ಆ ಗಳಿಗೆಗೆ ದೊಡ್ಡಪಾಲಯ್ಯನ ಬಾಯಿಗೆ ಸಿಕ್ಕಿದ್ದು ಒಂದು ಮರ್ಯಾದಸ್ಥ ಕಾಯಿಲೆ. “ಎದೆನೋವು ಕಣಲೇ.”

ಯತ್ತಪ್ಪನಿಗಿಂತ ಮೊದಲೇ ಸುದ್ದಿ ಊರು ಸೇರಿತು. ಎದೆನೋವಿಗೆ ಹೆತ್ತಪ್ಪನೇ ಮಗಳನ್ನು ನಂಬಲಿಲ್ಲವೆಂದ ಮೇಲೆ ಬೇರೆಯವರು ಯಾಕೆ ನಂಬುತ್ತಾರೆ? ಮೊದಲು ಬಿಪಿಯವರು ಬಿಟ್ಟರು, ಆಮೇಲೆ ಬಸುರಿಯರು. ಎಲ್ಲರೂ ಅವನ ಮುಖ ನೋಡಿ ನಕ್ಕು ಬಳ್ಳಾರಿ ಬಸ್ಸು ಹತ್ತುತ್ತಿದ್ದರು. ಅವನು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟ.

ತೇಜಶ್ರೀ ಊಟಕ್ಕೆ ಕೂತಾಗ ಒಂದೇ ಸಲ ಕೇಳಿದಳು. “ನನಗ್ಯಾಕೆ ಹೇಳಲಿಲ್ಲ ಅಪ್ಪ? ನಾಳೆ ಬಾ, ಇಸಿಜಿ ಮಾಡ್ತೀನಿ.”

“ದೊಡ್ಡ ಡಾಕ್ಟ್ರಿಗೆ ತೋರ್ಸಿದೀನಿ ಬಿಡು,” ಎಂದುಬಿಟ್ಟ, ಗೋಡೆ ನೋಡುತ್ತ.

ಅವಳು ಅರ್ಧ ಊಟಕ್ಕೇ ಎದ್ದು ಕೈತೊಳೆದಳು. ಆ ಮಾತು ಆಡಿದ್ದಕ್ಕೆ ದೊಡ್ಡಪಾಲಯ್ಯ ತನ್ನನ್ನು ತಾನೇ ಬೈದುಕೊಂಡ. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಸ್ವಲ್ಪ ದಿನಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ ಅವಳನ್ನು ಮೊಳಕಾಲ್ಮೂರಿಗೆ ಕರೆಸಿ, ಇನ್ನೊಂದು ವರ್ಷ ಇರುತ್ತೀರಾ ಎಂದು ಕೇಳಿದರಂತೆ. ಯೋಚಿಸಿ ಹೇಳುತ್ತೇನೆ ಎಂದು ಬಂದಳಂತೆ. ಇದು ತಿಳಿದ ಸೂರಮ್ಮ ಗಂಡನ ಮೇಲೆ ಹರಿಹಾಯ್ದಳು.

“ನಿನ್ನ ನಾಚಿಕೆಗೆ ನನ್ನ ಮಗಳು ಊರು ಬಿಡಬೇಕಾ? ನೀನು ಹೇಳ್ತೀಯಾ, ನಾನು ಆಣೆ ಮುರೀಲಾ?”

ಎರಡು ದಿನ ಮೀನಮೇಷ ಎಣಿಸಿ, ಮೂರನೆಯ ಬೆಳಿಗ್ಗೆ ಅವನು ಆಸ್ಪತ್ರೆಗೆ ಹೋದ. ಬೆಂಚಿನ ಮೇಲೆ ನಾಲ್ಕೈದು ಜನ, ನಡುವೆ ಯತ್ತಪ್ಪ.

“ಎದೆ ಹೆಂಗೈತಣ್ಣಾ?”

“ಎದೆಗೇನೂ ಆಗಿಲ್ಲ ಕಣ್ರಪ್ಪಾ,” ಎಂದ ದೊಡ್ಡಪಾಲಯ್ಯ, ಎಲ್ಲರಿಗೂ ಕೇಳುವಂತೆ. “ನಂಗಿರೋದು ಮೂಲವ್ಯಾಧಿ. ಮಗಳ ಮುಂದೆ ಪಂಚೆ ಬಿಚ್ಚೋಕೆ ನಾಚ್ಕೆಯಾಗಿ ಸುಳ್ಳು ಹೇಳ್ದೆ. ನನ್ನ ಮಗಳ ಕೈಗುಣದಾಗೆ ಏನೂ ತಪ್ಪಿಲ್ಲ.”

ಬೆಂಚು ಗೊಳ್ಳೆಂದು ನಕ್ಕಿತು. ನಗು ತಟ್ಟನೆ ನಿಂತಾಗ ಅವನು ತಿರುಗಿ ನೋಡಿದ. ಬಾಗಿಲಲ್ಲಿ ತೇಜಶ್ರೀ ನಿಂತಿದ್ದಳು.

“ಇಷ್ಟೇನಾ ಅಪ್ಪ?” ಅವಳ ಕಣ್ಣು ತುಂಬಿತ್ತು. “ನಿನ್ನೆ ಮೊಳಕಾಲ್ಮೂರಿಗೆ ಹೋಗಿ ಇನ್ನು ಇಲ್ಲಿ ಇರೋಕಾಗಲ್ಲ ಅಂತ ಹೇಳಿಬಂದೆ. ಬಳ್ಳಾರಿಯಲ್ಲಿ ಕೆಲಸಕ್ಕೆ ಒಪ್ಕೊಂಡಿದೀನಿ.”

ಇಷ್ಟು ದಿನ ತಾನು ಹೆದರಿದ್ದ ನಾಚಿಕೆ ಎಷ್ಟು ಸಣ್ಣದೆಂದು ದೊಡ್ಡಪಾಲಯ್ಯನಿಗೆ ಈಗ ಗೊತ್ತಾಯಿತು. ನೆಲ ಬಾಯ್ಬಿಟ್ಟರೆ ಸಾಕೆನಿಸಿತು.

ತೇಜಶ್ರೀ ಕಣ್ಣೊರೆಸಿಕೊಂಡು ಬಾಗಿಲ ಪರದೆ ಸರಿಸಿದಳು.

“ಶನಿವಾರದ ತನಕ ಇಲ್ಲಿಗೆ ನಾನೇ ಡಾಕ್ಟ್ರು. ಒಳಗೆ ಬಾ, ನೋಡ್ತೀನಿ.”

ಅವನು ಚಪ್ಪಲಿ ಬಿಟ್ಟು, ತಲೆ ಎತ್ತದೆ ಒಳಗೆ ಹೋದ.