ಎತ್ತಿನ ಮೈ

"ಏಯ್ ಚಾದೋಲ್! ತಲೆ ಎತ್ತಬ್ಯಾಡ, ಹಂಗೇ ಬಗ್ಗಿಕೊಂಡೇ ಕೇಳು. ಹಬ್ಬದ ಮುಂದೆ ನಿನ್ನ ಮುಖ ನೋಡೋ ಕರ್ಮ ನನಗ್ಯಾಕೆ!"

ಹೊಳೆಯ ದಂಡೆಯ ಮೇಲೆ ನಿಂತು ಕೂಗುತ್ತಿದ್ದವನು ಊರ ಜಮೀನುದಾರರೂ ಕ್ರೈಸ್ತ ಸಭೆಯ ಹಿರಿಯರೂ ಆದ ಹಿರಿಯ ಮಿನ್ ಅವರ ಮನೆಯ ಆಳು ಬೊಂಗ್ಸಾಮ್. ಕೆಳಗೆ, ನೀರು ಹೆಪ್ಪುಗಟ್ಟಿ ಕಲ್ಲಾದ ಕಡೆ, ಮುದುಕ ಚಾದೋಲ್ ದಿಮ್ಮಿಯ ಮೇಲೆ ಹಸಿ ತೊಗಲು ಹರವಿಕೊಂಡು ಅದಕ್ಕಂಟಿದ ಮಾಂಸದ ಚೂರುಗಳನ್ನು ಹೆರೆಯುತ್ತಿದ್ದ. ಸೊಸೆ ಬುನ್ಯೊ ಮಂಜುಗಡ್ಡೆಯಲ್ಲಿ ಕೊಡಲಿಯಿಂದ ತೂತು ಹೊಡೆದು, ಸೋರೆಬುರುಡೆಯಲ್ಲಿ ನೀರು ಮೊಗೆದು ಮೊಗೆದು ತೊಗಲಿನ ಮೇಲೆ ಸುರಿಯುತ್ತಿದ್ದಳು. ವರ್ಷದ ಅತಿ ಉದ್ದನೆಯ ರಾತ್ರಿ ಆಗಷ್ಟೇ ಕಳೆದಿತ್ತು. ಗದ್ದೆಗಳಲ್ಲಿ ಕೂಳೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅದರ ಮೇಲೂ ಹಿಮ ಉಪ್ಪು ಎರಚಿದ ಹಾಗೆ ಕೂತಿತ್ತು. ಬೆರಳು ಮರಗಟ್ಟಿದರೆ ಕಂಕುಳಲ್ಲಿಟ್ಟುಕೊಂಡು ಅಷ್ಟು ಹೊತ್ತು ನಿಲ್ಲಬೇಕು, ಮತ್ತೆ ನೀರಿಗೆ ಇಳಿಸಬೇಕು.

"ಹೇಳಿ ಬುದ್ದಿ" ಎಂದ ಚಾದೋಲ್.

ಬೊಂಗ್ಸಾಮ್ ಅವನ ಮಗನಿಗಿಂತ ಚಿಕ್ಕವನು, ಜೀತದಾಳಿನ ಮಗ. ಆದರೂ ಕಟುಕರ ಕೇರಿಯವನು ಅವನಿಗೂ ಬುದ್ದಿ ಎನ್ನಬೇಕು. ಸಿಯೋಲ್ ಪಟ್ಟಣದಲ್ಲಿ ಕೂತ ಅರಸು ಜಾತಿಕಟ್ಟಳೆ ಎತ್ತಿಹಾಕಿ ಹತ್ತು ವರ್ಷ ದಾಟಿತ್ತು. ಆ ಸುದ್ದಿ ಈ ಬೆಟ್ಟ ಹತ್ತಿ ಬರುವಾಗ ದಾರಿಯಲ್ಲೇ ಉಸಿರುಗಟ್ಟಿ ಸತ್ತಿತ್ತು.

"ನಾಡಿದ್ದು ಕ್ರಿಸ್ಮಸ್ಸು. ನಾಳೆ ಎತ್ತು ನಿಮ್ಮ ಕೇರಿಗೆ ಬತ್ತದೆ. ಹಬ್ಬದ ಬೆಳಿಗ್ಗೆ ಕಡಿದು, ಸಭೆ ಮನೆ ಅಂಗಳಕ್ಕೆ ಮಾಂಸ ತಂದಾಕು. ಪರದೇಶದ ಪಾದ್ರಿ ಬತ್ತಾವ್ರೆ, ಮೂರೂರ ಜನ ಉಣ್ಣಾಕೆ ಬತ್ತಾರೆ. ತಂದಾಕಿ ಹಂಗೇ ಹಿಂದಕ್ಕೆ ನಡೀರಿ."

ಬುನ್ಯೊಳ ಕೈ ನಿಂತಿತು. "ಹಿಂದಕ್ಕಾ? ಆವತ್ತು ನಮಗೆ ದೀಕ್ಷಾಸ್ನಾನ ಐತಲ್ಲಾ. ಒಳಗಡೆ ಚಾಪೆ ಮ್ಯಾಲೆ ಕೂರಿಸ್ತೀನಿ ಅಂತ ಪಾದ್ರಿನೇ ಮಾತು ಕೊಟ್ಟವ್ರೆ."

"ಥೂ! ಮುದುಕನ ಕೂಡೆ ಮಾತಾಡ್ತಿದ್ರೆ ನಡುವೆ ಬಾಯಿ ಹಾಕ್ತಾಳೆ ಲೌಡಿ. ಚಾಪೆ ಬೇಕಂತೆ! ಆ ಚಾಪೆ ಮ್ಯಾಲೆ ನಮ್ಮವ್ವಾರು ಕೂರ್ತಾರೆ ಕಣೇ. ನಿನ್ನ ಕುಂಡಿ ಊರಿದ ಮ್ಯಾಲೆ ಅದನ್ನ ಒಲೆಗೇ ಹಾಕಬೇಕು."

ಅವನು ಉಗಿದು ಹೋದ. ಉಗುಳು ಮಂಜುಗಡ್ಡೆಯ ಮೇಲೆ ಬಿದ್ದಲ್ಲೇ ಗಟ್ಟಿಯಾಯಿತು.

ಒಂದು ವರ್ಷದಿಂದ ಈ ಮನೆಯವರು ಭಾನುವಾರ ತಪ್ಪಿಸದೆ ಸಭೆ ಮನೆಗೆ ಹೋಗುತ್ತಿದ್ದರು. ಎತ್ತರದ ಜಗಲಿ ಹತ್ತಲು ಒಂದು ಮೆಟ್ಟುಗಲ್ಲು. ಅದರ ಕೆಳಗೆ ಜನ ಮೆಟ್ಟು ಬಿಡುವ ಜಾಗ. ಆ ಹುಲ್ಲುಮೆಟ್ಟುಗಳ ನಡುವೆ ಅಪ್ಪ, ಮಗ, ಸೊಸೆ ಮೂವರೂ ಕೂತು ಪದ ಕೇಳುತ್ತಿದ್ದರು, ಪಾಠ ಒಪ್ಪಿಸುತ್ತಿದ್ದರು. ಸುಗ್ಗಿ ಮುಗಿದು ಚಳಿ ಬೀಳುವ ಹೊತ್ತಿಗೆ ಬುನ್ಯೊಳ ಹೆಣ್ಣುಮಗು ಜ್ವರ ಬಂದು ಹೋಯಿತು. ಪಾದ್ರಿ ಇಲ್ಲದಾಗ ಸಭೆ ನಡೆಸುವ ಉಪದೇಶಿ ನಾಮ್ ಬಂದಿದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಬೇಲಿಯಾಚೆಯೇ ನಿಂತು ಪ್ರಾರ್ಥನೆ ಮಾಡಿ, ಬೇಲಿಯಾಚೆಯಿಂದಲೇ ಹೊರಟುಹೋದರು. ಒಳಗೆ ಮಗುವಿನ ಮೈ ಇನ್ನೂ ಆರಿರಲಿಲ್ಲ. ಅಂದಿನಿಂದ ಬುನ್ಯೊಳಿಗೆ ಒಂದೇ ಹಟ: ಆ ಕಲ್ಲು ಹತ್ತಬೇಕು, ಆ ಚಾಪೆಯ ಮೇಲೆ ಎಲ್ಲರ ಸಾಲಿನಲ್ಲಿ ಕೂರಬೇಕು.

ಅಂದೇ ಸಂಜೆ ಪರೀಕ್ಷೆಯಿತ್ತು. ದೀಕ್ಷಾಸ್ನಾನಕ್ಕೆ ಮೊದಲು ಪ್ರಶ್ನೆ ಕೇಳುವುದು ಸಭೆಯ ಪದ್ಧತಿ. ಹಿರಿಯ ಮಿನ್ ಕುದುರೆಗೂದಲಿನ ಕರಿ ಟೋಪಿ ಇಟ್ಟುಕೊಂಡು ಸಭೆ ಮನೆಯ ಜಗಲಿಯ ಮೇಲೆ ಕೂತಿದ್ದರು. ಕ್ರಿಸ್ತನನ್ನು ಒಪ್ಪಿಕೊಂಡ ಮೇಲೆ ಅವರು ಹೊಗೆಸೊಪ್ಪು ಸೇದುವ ಕೊಳವೆ ಬಿಟ್ಟಿದ್ದರು. ಬರಿಗೈಯಲ್ಲಿ ಕೂರಲಾರದೆ ಒಂದು ಬೆತ್ತ ಹಿಡಿಯುತ್ತಿದ್ದರು. ಪಕ್ಕದಲ್ಲಿ ಉಪದೇಶಿ ನಾಮ್, ಹಿರಿಯರ ಮನೆಯ ಅನ್ನ ಉಣ್ಣುವ ಬಡಕಲು ಪ್ರಾಣಿ. ಚಾದೋಲ್ ಕೆಳಗೆ ಬಿದಿರು ಟೋಪಿ ತೆಗೆದಿಟ್ಟು ಮಂಡಿಯೂರಿದ್ದ. ಹಿಂದೆ ಬುನ್ಯೊ, ಅವಳ ಗಂಡ ಮಕ್ಸೆ.

"ದೇವರು ಯಾಕೆ ಮನುಷ್ಯನಾದ?" ಎಂದು ಉಪದೇಶಿ ಕೇಳಿದರು.

ಉತ್ತರ ಪುಸ್ತಕದಲ್ಲೇ ಇತ್ತು. ಬುನ್ಯೊ ಅದನ್ನು ತೊಗಲು ತೊಳೆಯುತ್ತಾ ಮಾವನಿಗೆ ನೂರು ಸಲ ಹೇಳಿಕೊಟ್ಟಿದ್ದಳು. ಮುದುಕ ಮಾತ್ರ ತಲೆಯೆತ್ತಿ ನಕ್ಕ.

"ಅದು ನಮಗೆ ಮೊದ್ಲಿಂದ್ಲೂ ಗೊತ್ತಿರೋದೇ ಸ್ವಾಮಿ. ಮ್ಯಾಗಿನ ರಾಜನ ಮಗ ಎತ್ತಿನ ಮೈ ತೊಟ್ಟು ಇಳಿದ. ನಮ್ಮೋರಲ್ಲಿ ಅಪ್ಪ ಮಗನ ಕೈಗೆ ಕತ್ತಿ ಕೊಡೋ ದಿನ ಇದನ್ನ ಕಿವೀಲಿ ಹೇಳ್ತಾನೆ. ಊರ ಹೊಲ ಉತ್ತ, ಊರ ಹೊರೆ ಹೊತ್ತ, ಕಡೀಗೆ ತನ್ನ ಮೈನೇ ಊರಿಗೆ ಉಣ್ಣಾಕೆ ಕೊಟ್ಟ. ಅವ್ನ ತಿರುಗಿ ಅಪ್ಪನ ಮನೆಗೆ ಕಳಿಸೋ ಕೆಲಸ ನಮ್ಮ ಪಾಲಿಗೆ ಬಂತು. ನೀವು ಪುಸ್ತಕ ಓದಿದಾಗ ನಂಗೆ ನಗುವೇ ಬಂತು. ಓ, ಇವ್ನು ನಮ್ಮ ಹುಡುಗ್ನೇ ಅಂದ್ಕೊಂಡೆ. ಹುಟ್ಟಿದ ಕೂಡ್ಲೆ ನೆಟ್ಟಗೆ ಗೋದಲಿಗೇ ಹೋಗಿ ಮಲಗವ್ನೆ ನೋಡಿ!"

"ಏನಂದೆ?" ಹಿರಿಯರ ಬೆತ್ತ ನೆಲ ಬಿಟ್ಟು ಮೇಲೆದ್ದಿತು.

ಮುದುಕನಿಗೆ ಬೆತ್ತ ಕಾಣಲಿಲ್ಲ. ಕಂಡರೂ ಮಾತಿನ ಸುಖದಲ್ಲಿದ್ದ. "ಯಾಕೆ ಮೈ ತೊಟ್ಟ ಅಂತೀರಾ ಬುದ್ದಿ? ಮ್ಯಾಗಿಂದ ನೋಡಿದ್ರೆ ಎತ್ತಿನ ಕೂದ್ಲಷ್ಟೇ ಕಾಣ್ತದೆ. ನುಣ್ಣಗೆ ಹೊಳೀತಾ ಇರ್ತದೆ. ತೊಗಲು ಸುಲಿದು ತಿರುವಿ ಹಾಕಿ, ಬಿದ್ದ ಒಂದೊಂದು ಚಾಟಿ ಏಟೂ ಒಳಮೈಲಿ ಕಪ್ಪಗೆ ಕೂತಿರ್ತದೆ. ಅದನ್ನ ಮ್ಯಾಗಿನೋನು ಕೂತಲ್ಲಿಂದ ಹೆಂಗೆ ನೋಡ್ತಾನೆ? ಅದಕ್ಕೇ ಒಳಗೆ ಬಂದ."

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಹೆಗಲಿಗೆ.

"ದೇವರು ಎತ್ತಾದನಂತೆ! ಕಟುಕ ಸೂಳೆಮಗನೇ! ದೇವರು ಮನುಷ್ಯ ಆದ, ಮನುಷ್ಯ! ಅದೂ ಎಂಥ ಮನುಷ್ಯ? ದಾವೀದ ರಾಜನ ವಂಶ! ಇಪ್ಪತ್ತೆಂಟು ತಲೆಮಾರು ಬರೆದಿಟ್ಟಿದ್ದಾರೆ. ಒಳ್ಳೇ ಮನೆತನ ಹುಡುಕಿಕೊಂಡೇ ಬಂದ ಅವನು. ನಿನ್ನ ತೊಗಲು ನಾರೋ ಹಟ್ಟಿಗಲ್ಲ!" ಹಿರಿಯರಿಗೆ ಉಸಿರು ಹತ್ತಿತು. "ಉಪದೇಶಿಗಳೇ, ಹೆಸರು ಹೊಡೆದು ಹಾಕಿ. ಮೂರೂ ಹೆಸರು. ಚಾಪೆಯಂತೆ! ಇವರು ಒಳಗೆ ಬಂದರೆ ಅರ್ಧ ಸಭೆ ಎದ್ದು ಹೋಗುತ್ತೆ."

ಉಪದೇಶಿ ತಮ್ಮ ಮಂಡಿಯನ್ನೇ ನೋಡುತ್ತಾ, "ಬರುವ ವರ್ಷ ನೋಡೋಣ" ಎಂದರು.

"ಇನ್ನು ಎತ್ತಿನ ಕೆಲಸ" ಎಂದರು ಹಿರಿಯರು, ಏನೂ ಆಗಿಲ್ಲವೆಂಬಂತೆ ಟೋಪಿ ಸರಿಮಾಡಿಕೊಂಡು. "ನೀವು ಗುಡಿಸಲು ಹಾಕಿಕೊಂಡಿರೋ ಮಣ್ಣು ನಂದು. ಆ ಋಣಕ್ಕೆ ಹಬ್ಬದ ಕಡಿತ ನಿಮ್ಮದು, ನಿಮ್ಮಪ್ಪನ ಕಾಲದಿಂದಲೂ. ಬೆಳಕು ಹರಿಯೋಕೆ ಮುಂಚೆ ಕಡಿದಿರಬೇಕು."

ಮಾರನೆಯ ದಿನ ಎತ್ತು ಬಂತು. ಹದಿಮೂರು ಉಳುಮೆ ಕಂಡ ಮುದಿ ಎತ್ತು, ಹೆಗಲು ಜಡ್ಡುಗಟ್ಟಿತ್ತು. ಮಕ್ಸೆ ಅದರ ಗೊರಸು ತೊಳೆದ. ಹುಲ್ಲು, ತೌಡು, ಹುರುಳಿಹೊಟ್ಟು ಹಾಕಿ ಕುದಿಸಿದ ಬಿಸಿ ಗಂಜಿಯನ್ನು ಗೋದಲಿಗೆ ಸುರಿದು, "ಊಟ ಮಾಡ್ಬೇಕು ತಾವು, ತಣ್ಣಗಾಯ್ತದೆ" ಎಂದ. ಕೇರಿಯ ರೂಢಿ ಅದು. ಊರಿನ ಕೂಸೂ ಇವರನ್ನು ಏಯ್ ಎನ್ನುತ್ತಿತ್ತು. ಇವರು ಎತ್ತನ್ನು ತಾವು ಎನ್ನುತ್ತಿದ್ದರು.

"ಬಾಯಿ ಮುಚ್ಕೊಂಡು ಪುಸ್ತಕದಾಗಿರೋದು ಹೇಳಿದ್ರೆ ಏನಾಗ್ತಿತ್ತಪ್ಪಾ?" ಮಕ್ಸೆ ಅಪ್ಪನ ಮೇಲೆ ರೇಗಿದ. "ನಮ್ಮ ಗುಟ್ಟು ಅವ್ರ ಮುಂದೆ ಯಾಕೆ ಬಿಚ್ಚಾಕೆ ಹೋದೆ? ಒಂದು ವರ್ಷ ಮೆಟ್ಟಿನ ನಡುವೆ ಕೂತಿದ್ದು ದಂಡ ಆಯ್ತು."

ಚಾದೋಲನ ಕಿವಿ ಬಾತು ಕೆಂಪಗಾಗಿತ್ತು. ಅವನು ಕತ್ತಿ ಮಸೆಯುತ್ತಿದ್ದ. "ಕೇಳಿದ್ರು, ಹೇಳ್ದೆ."

"ಕಡಿಯೋದು ಬ್ಯಾಡ" ಎಂದಳು ಬುನ್ಯೊ, ಒಲೆಯ ಮುಂದಿನಿಂದ.

"ಏನು?"

"ಎತ್ತನ್ನ ಹಂಗೇ ಹೊಡ್ಕೊಂಡೋಗಿ ಅಂಗಳದಾಗೆ ಕಟ್ಟಿ ಬರಾಣ. ಅವ್ರೇ ಕಡ್ಕೊಳ್ಳಲಿ."

"ಹುಚ್ಚು ಹಿಡೀತಾ ನಿಂಗೆ? ಅವ್ರಲ್ಲಿ ಕತ್ತಿ ಯಾರು ಮುಟ್ತಾರೆ? ಮುಟ್ಟಿದೋನು ಕಟುಕ. ಅವ್ನ ಮನೆಗೆ ಯಾರೂ ಹೆಣ್ಣು ಕೊಡಲ್ಲ, ಸತ್ರೆ ಚಟ್ಟಕ್ಕೆ ಹೆಗಲು ಕೊಡಲ್ಲ."

"ಹೂಂ. ಅದಕ್ಕೇ ಹೇಳ್ತಿರೋದು."

ಮಕ್ಸೆ ಅವಳನ್ನು ನೋಡಿದ, ಗುಡಿಸಲನ್ನು ನೋಡಿದ, ಗೋಡೆಗೆ ಒರಗಿಸಿದ್ದ ಚಳಿಗಾಲದ ಸೌದೆಯನ್ನು ನೋಡಿದ. "ಈ ಚಳೀಲಿ ಬೀದಿಗೆ ಹಾಕ್ತಾರೆ ಕಣೇ. ಎಲ್ಲಿಗೆ ಹೋಗಾದು?"

"ಮಗೂನ ಎಲ್ಲಿಗೆ ಕಳಿಸಿದ್ವಿ? ಆಗ್ಲೂ ಚಳೀನೇ."

ಕಲ್ಲಿನ ಮೇಲೆ ಕತ್ತಿಯ ಸದ್ದು ನಡೆದೇ ಇತ್ತು. "ಅದ್ಯಾಕೆ ಮಸೀತೀಯ ಮತ್ತೆ?" ಎಂದು ಮಕ್ಸೆ ಅಪ್ಪನ ಮೇಲೆ ಎಗರಿದ.

"ಅವ್ರು ಕಡಿಯೋದಾದ್ರೆ ಮೊಂಡು ಕತ್ತಿ ಕೊಟ್ಟೆ ಅನ್ನಿಸ್ಕೊಳ್ಳಲಾ? ಎತ್ತಿಗೆ ನೋವಾಗ್ಬಾರ್ದು" ಎಂದ ಮುದುಕ.

ಹಬ್ಬದ ಬೆಳಿಗ್ಗೆ ಸಭೆ ಮನೆಯ ಬಾಗಿಲಿಗೆ, ಜಗಲಿಯ ಕಂಬಗಳಿಗೆ ಪೈನ್ ಕೊಂಬೆ ಕಟ್ಟಿದ್ದರು. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಸಾರಿಗೆ ನೀರು ಮಳಮಳ ಕುದಿಯುತ್ತಿತ್ತು. ಮೂಲಂಗಿ ಹೆಚ್ಚಿ ರಾಶಿ ಹಾಕಿದ್ದರು. ಒಳಗೆ ಪರದೆಯ ಆಚೆ ಗಂಡಸರು, ಈಚೆ ಹೆಂಗಸರು. ಉಪದೇಶಿ ಪುಸ್ತಕ ತೆರೆದು ಪಾದ್ರಿಯ ದಾರಿ ಕಾಯುತ್ತಿದ್ದರು. ಅಷ್ಟರಲ್ಲಿ ಅಂಗಳಕ್ಕೆ ಎತ್ತು ಬಂತು, ತನ್ನ ನಾಲ್ಕು ಕಾಲ ಮೇಲೆ ತಾನೇ ನಡೆದುಕೊಂಡು.

ಚಾದೋಲ್ ಅದನ್ನು ಜಗಲಿಯ ಕಂಬಕ್ಕೆ ಕಟ್ಟಿದ. ಬಟ್ಟೆಯಲ್ಲಿ ಸುತ್ತಿದ್ದ ಕತ್ತಿಯನ್ನು ಬಿಚ್ಚಿ ಮೆಟ್ಟುಗಲ್ಲಿನ ಮೇಲಿಟ್ಟ.

ಹಿರಿಯ ಮಿನ್ ಹೊರಗೆ ಬಂದರು. "ಇದೇನೋ ಇದು? ಬದುಕಿದೆಯಲ್ಲೋ!"

"ಬದುಕೈತೆ ಬುದ್ದಿ. ಎತ್ತು ನಿಮ್ದು, ಹಬ್ಬ ನಿಮ್ದು. ಕತ್ತಿ ನಂದು, ಅದನ್ನೂ ನಿಮಗೇ ಕೊಟ್ಟಿವ್ನಿ. ಮಣ್ಣಿನ ಋಣ ಈ ಕಂಬಕ್ಕೆ ಕಟ್ಟಿದ್ದಾಯ್ತು."

"ಕಡಿಯೋ, ಮುಂಡೇಮಗನೇ! ಪಾದ್ರಿ ಬರೋ ಹೊತ್ತಾಯ್ತು!"

"ಆಗಲ್ಲ ಬುದ್ದಿ."

ಹಿರಿಯರು ಬೆತ್ತ ಬೀಸಿದರು. ಮುದುಕ ಕುಸಿದು ಕೂತ, ಬಿದ್ದ. ಬಿದಿರು ಟೋಪಿ ಉರುಳಿ ಹಂಡೆಯ ಬೆಂಕಿಗೆ ಹೋಯಿತು. ಜಗಲಿಯ ಮೇಲೆ ಜನ ಸೇರಿದರು. ಯಾರೋ, "ಹಾಕ್ರಿ ಇನ್ನೂ ನಾಕು" ಎಂದ. ನಾಕೂ ಬಿದ್ದವು. ನೆಲದ ಮೇಲಿನ ಹಿಮದಲ್ಲಿ ಕೆಂಪು ಹನಿ ಕಂಡಿತು.

"ಬೊಂಗ್ಸಾಮ್, ನೀನು ತಗೊಳ್ಳೋ ಕತ್ತಿ."

ಬೊಂಗ್ಸಾಮ್ ಎರಡು ಹೆಜ್ಜೆ ಹಿಂದೆ ಸರಿದ. "ಧಣೀ, ಕಾಲಿಗೆ ಬೀಳ್ತೀನಿ. ಹೇಲು ಬಳಿ ಅನ್ನಿ, ಬಳೀತೀನಿ. ವಸಂತದಾಗೆ ನನ್ನ ತಂಗಿ ಮದ್ವೆ ಗೊತ್ತಾಗೈತೆ. ಇದೊಂದು ಬ್ಯಾಡಿ."

ಹಿರಿಯರು ಜಗಲಿಯ ಕಡೆ ತಿರುಗಿದರು. ಹಿರಿಯರ ಕಣ್ಣು ಯಾರ ಮೇಲೆ ಬಿತ್ತೋ ಅವನ ಕೈ ತೋಳಿನ ಒಳಗೆ ಸೇರಿಕೊಂಡಿತು. ಬೆಟ್ಟದ ತಿರುವಿನಲ್ಲಿ ಪಾದ್ರಿಯ ಕುದುರೆಯ ಗಂಟೆ ಕೇಳಿಸತೊಡಗಿತು.

"ಆಯ್ತು" ಎಂದರು ಹಿರಿಯರು, ಹಲ್ಲು ಕಡಿಯುತ್ತ. "ಬಾಗಿಲ ಒಳಗೆ ಒಂದು ಮೂಲೆ ಕೊಡ್ತೀನಿ. ಮೊದಲು ಕಡಿ."

"ಅಪ್ಪಾ, ಮೂಲೆ ಅಂದ್ರಲ್ಲಪ್ಪಾ" ಎಂದು ಮಕ್ಸೆ ಬಾಗಿ ಅಪ್ಪನ ಕಿವಿಯಲ್ಲಿ ಹೇಳಿದ.

ಮುದುಕ ಬಾಯಲ್ಲಿದ್ದ ರಕ್ತ ಉಗಿದ. "ಮೂಲೆ ನಮ್ಮ ಹಟ್ಟೀಲೂ ಐತೆ. ಬುದ್ದಿ, ಅವ್ನು ಆಕಾಶದಿಂದ ಇಳಿದು ಬಂದ ಅಂತ ವರ್ಷವೆಲ್ಲಾ ಹೇಳಿಕೊಟ್ರಿ. ನೀವು ಈ ಒಂದು ಕಲ್ಲು ಇಳೀರಿ. ಒಂದು ದಿನ ಕಟುಕರಾಗಿ. ಹೆಂಗೆ ಹಿಡೀಬೇಕು ಅಂತ ನಾನೇ ತೋರಿಸ್ತೀನಿ."

ಎತ್ತು ಕಂಬಕ್ಕೆ ಕಟ್ಟಿದ್ದ ಪೈನ್ ಕೊಂಬೆಯನ್ನು ಎಳೆದು ಮೆಲ್ಲತೊಡಗಿತು. ಹಿರಿಯರು ಕತ್ತಿಯನ್ನು ನೋಡಿದರು. ಕೆಳಗೆ ಮಾತ್ರ ಇಳಿಯಲಿಲ್ಲ.

ಆಗ ಬುನ್ಯೊ ಮುಂದೆ ಬಂದಳು. ಹುಲ್ಲುಮೆಟ್ಟು ಬಿಟ್ಟು ಹಿರಿಯರ ಮೆಟ್ಟಿನ ಪಕ್ಕಕ್ಕೇ ಜೋಡಿಸಿದಳು. ಕತ್ತಿಯನ್ನು ದಾಟಿ ಕಲ್ಲು ಹತ್ತಿದಳು.

"ಹಿಡೀರೋ ಅವಳನ್ನ! ಎಳೆದು ಹಾಕ್ರೋ!"

ಕಟುಕರ ಹೆಂಗಸಿನ ರಟ್ಟೆಗೆ ಕೈ ಹಾಕಲು ಒಬ್ಬನೂ ಮುಂದೆ ಬರಲಿಲ್ಲ. ಜನ ಇಬ್ಭಾಗವಾಗಿ ಅವಳಿಗೆ ದಾರಿಯೇ ಆಯಿತು. ಅವಳು ಒಳಗೆ ಹೋಗಿ ಹೆಂಗಸರ ಸಾಲಿನ ನಟ್ಟನಡುವೆ, ಹಿರಿಯರ ಹೆಂಡತಿಯ ಎಡಗಡೆ ಕೂತಳು. ಆಕೆ ಲಂಗ ಸೆಳೆದುಕೊಂಡು ಎದ್ದಳು. ಆಮೇಲೆ ಆಕೆಯ ಸೊಸೆ. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಪರದೆಯಾಚೆ ಗಂಡಸರ ಕೆಮ್ಮು, ಕಾಲಸಪ್ಪಳ. ಮೆಟ್ಟು ಹುಡುಕಿಕೊಳ್ಳುವ ಗದ್ದಲ ಮುಗಿಯುವ ಹೊತ್ತಿಗೆ ಒಳಗೆ ಇಬ್ಬರೇ ಉಳಿದಿದ್ದರು.

ಅವಳ ಅಡಿಯ ಚಾಪೆ ಇನ್ನೂ ಯಾರದೋ ಮೈಯಿಂದ ಬೆಚ್ಚಗಿತ್ತು.

"ಓದಿ ಸ್ವಾಮಿ" ಎಂದಳು ಬುನ್ಯೊ.

ಉಪದೇಶಿ ನಾಮ್ ಬಾಗಿಲ ಕಡೆ ನೋಡಿದರು. ಅಲ್ಲಿ ಹಿರಿಯರ ಕರಿ ಟೋಪಿಯ ನೆರಳಿತ್ತು. ಅದರಾಚೆ ಬರಿ ನೀರು ಕುದಿದು ಕುದಿದು ಹಂಡೆಯ ತಳಕ್ಕಿಳಿಯುತ್ತಿತ್ತು. ಪಾದ್ರಿಯ ಕುದುರೆಯ ಗಂಟೆ ಹತ್ತಿರವಾಗುತ್ತಿತ್ತು. ಎತ್ತು ಒಮ್ಮೆ ಕೂಗಿತು.

"ಅವ್ನು ಹುಟ್ಟಿದ್ದು ಓದಿ. ಕೇಳಾಕೆ ನಾನೊಬ್ಳು ಇದೀನಲ್ಲಾ."

ಉಪದೇಶಿಯ ಬೆರಳು ಪುಟದ ಮೇಲೆ ಸಾಲು ಹುಡುಕಿತು; ಸಿಕ್ಕಲ್ಲಿ ನಿಂತಿತು. ಬಾಯಿ ತೆರೆಯಿತು. ದನಿ ಬರಲಿಲ್ಲ. ಬುನ್ಯೊ ಏಳಲಿಲ್ಲ.